ಹಂದಿಗಳಲ್ಲಿ ಸತುವಿನ ಕೊರತೆಯ ಚರ್ಮರೋಗ

ಎರಡರಿಂದ ನಾಲ್ಕು ತಿಂಗಳ ಹಂದಿಮರಿಗಳ ಚರ್ಮ ಒಣಗಿ, ದಪ್ಪವಾಗಿ, ಹುರುಪೆಗಟ್ಟಿದೊಡನೆ ಅದನ್ನು ಕಜ್ಜಿಯೆಂದೇ ಭಾವಿಸುವುದು ವಾಡಿಕೆ. ಬೇವಿನೆಣ್ಣೆ, ಗಂಧಕ ಹಚ್ಚಿ, ಐವರ್‌ಮೆಕ್ಟಿನ್ ಚುಚ್ಚುಮದ್ದು ಹಾಕಿಸಿ ತಿಂಗಳು ಕಳೆದರೂ ಗುಣ ಕಾಣದು. ಮರಿಗಳು ಮೇವು ಬಿಡುತ್ತವೆ; ಮಾರುವ ಹೊತ್ತಿಗೆ ಬರಬೇಕಾದ ತೂಕ ಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಮೇವಿನ ತೊಟ್ಟಿಯನ್ನೂ ಪರೀಕ್ಷಿಸಬೇಕು. ಇದು ಪ್ಯಾರಾಕೆರಟೋಸಿಸ್ ಎಂಬ ರೋಗವಿರಬಹುದು. ಸಮತೋಲ ಆಹಾರ ತಯಾರಿಸುವಾಗ ಸತುವನ್ನು ಸೇರಿಸುವುದರಿಂದ ಈ ರೋಗ ಈಗ ವಿರಳ. ಮನೆಯಲ್ಲೇ ಆಹಾರ ಬೆರೆಸಿಕೊಳ್ಳುವ ಕಡೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಮೊದಲು ಹೊಟ್ಟೆಯ ಅಡಿಭಾಗ ಮತ್ತು ತೊಡೆಯ ಒಳಬದಿಯಲ್ಲಿ ಕೆಂಪು ಗುಳ್ಳೆಗಳೇಳುತ್ತವೆ. ಅನಂತರ ಕಾಲಿನ ಗಂಟು, ಕಿವಿ, ಕಣ್ಣಿನ ಸುತ್ತ ಹಾಗೂ ಬಾಲದ ಮೇಲೆ ಒಣ ಹುರುಪೆ ಕಟ್ಟಿ, ಕೆಲವೊಮ್ಮೆ ಚರ್ಮ ಆಳವಾಗಿ ಸೀಳುತ್ತದೆ. ಗಮನಿಸಬೇಕಾದ ಅಂಶವೆಂದರೆ, ಇದು ದೇಹದ ಎರಡೂ ಬದಿಗಳಲ್ಲಿ ಒಂದೇ ತೆರನಾಗಿರುತ್ತದೆ ಮತ್ತು ತುರಿಕೆ ಇಲ್ಲವೆನ್ನುವಷ್ಟು ಕಡಿಮೆ. ಕಜ್ಜಿಯಾದರೆ ಹಂದಿ ಗೋಡೆಗೆ ಮೈ ಉಜ್ಜುತ್ತಲೇ ಇರುತ್ತದೆ. ಹಾಲು ಕುಡಿಯುವ ಮರಿಗಳಲ್ಲಿ ಜಿಡ್ಡು ಜಿಡ್ಡಾದ, ವಾಸನೆ ಬರುವ ಹುರುಪೆ ಕಂಡರೆ ಅದು ಬೇರೆಯೇ ಸೋಂಕು. ಸಂಶಯವಿದ್ದಲ್ಲಿ ಪಶುವೈದ್ಯರಿಂದ ಕಿವಿಯ ಒಳಭಾಗದ ಚರ್ಮದ ಕೆರೆತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು.

ಸತುವಿನ ಕೊರತೆಯೇ ಈ ರೋಗಕ್ಕೆ ಮೂಲವೆಂದು 1955ರಲ್ಲಿ ಅಮೆರಿಕದ ಟಕರ್ ಮತ್ತು ಸಾಲ್ಮನ್ ತೋರಿಸಿಕೊಟ್ಟರು. ಆದರೆ ಮೇವಿನಲ್ಲಿ ಸತುವು ಇದ್ದರೂ ಅದು ಮೈಗೆ ಸೇರದಿರಬಹುದು. ಮೆಕ್ಕೆಜೋಳ, ತೌಡು, ಹಿಂಡಿಗಳಲ್ಲಿರುವ ಫೈಟಿಕ್ ಆಮ್ಲ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಸುಣ್ಣಾಂಶ ಹೆಚ್ಚಾದರೆ ಈ ಹಿಡಿತ ಇನ್ನೂ ಬಿಗಿಯಾಗುತ್ತದೆ. ಮೂಳೆ ಗಟ್ಟಿಯಾಗಲೆಂದು ರೈತರು ಒಳ್ಳೆಯ ಮನಸ್ಸಿನಿಂದಲೇ ಸುಣ್ಣಕಲ್ಲಿನ ಪುಡಿ ಬೆರೆಸುತ್ತಾರೆ. 100 ಕಿಲೋ ಮಿಶ್ರಣಕ್ಕೆ 3 ಕಿಲೋ ಪುಡಿ ಹಾಕಿದರೆ ಅದೊಂದರಿಂದಲೇ ಶೇಕಡ 1ಕ್ಕೂ ಮೀರಿ ಕ್ಯಾಲ್ಸಿಯಂ ಸೇರುತ್ತದೆ. ಬೆಳೆಯುವ ಮರಿಗೆ ಒಟ್ಟು ಶೇಕಡ 0.65ರಿಂದ 0.75 ಸಾಕು. ಖನಿಜ ಮಿಶ್ರಣದಲ್ಲಿಯೂ ಸುಣ್ಣಾಂಶವಿರುವುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಭತ್ತದ ಗದ್ದೆಯಲ್ಲಿಯೂ ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಸತುವಿನ ಕೊರತೆ ತೋರುವುದು ರೈತರಿಗೆ ತಿಳಿದೇ ಇದೆ. ಒಣ ಮೇವನ್ನೇ ತಿನ್ನುತ್ತ ಸಿಮೆಂಟು ನೆಲದ ಮೇಲೆ ಬೆಳೆಯುವ ಮರಿಗಳಲ್ಲಿ ಈ ರೋಗ ಹೆಚ್ಚು. ಬಯಲಿನಲ್ಲಿ ಮೇಯುವ ಹಂದಿಗಳಲ್ಲಿ ಕಡಿಮೆ.

ಪರಿಹಾರ ಸುಲಭ, ಖರ್ಚೂ ಅಲ್ಪ. ಮೊದಲು ಹೆಚ್ಚುವರಿ ಸುಣ್ಣದ ಪುಡಿಯನ್ನು ನಿಲ್ಲಿಸಬೇಕು. ಪಶುವೈದ್ಯರ ಸಲಹೆ ಪಡೆದು 100 ಕಿಲೋ ಆಹಾರಕ್ಕೆ 50 ಗ್ರಾಂ ಸತುವಿನ ಸಲ್ಫೇಟ್ (ಶೇಕಡ 21 ಸತುವು ಇರುವುದು) ಸೇರಿಸಬಹುದು. ಇದರಿಂದ ಕಿಲೋ ಆಹಾರಕ್ಕೆ ಸುಮಾರು 100 ಮಿಲಿಗ್ರಾಂ ಸತುವು ದೊರೆಯುತ್ತದೆ. ನೇರವಾಗಿ ಎರಚಿದರೆ ಒಂದು ಮರಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲವೆಂಬಂತಾಗುವುದು. ಆದ್ದರಿಂದ ಅದನ್ನು ಮೊದಲು 1 ಕಿಲೋ ತೌಡಿನಲ್ಲಿ, ಬಳಿಕ 10 ಕಿಲೋ ಆಹಾರದಲ್ಲಿ ಕಲಸಿ, ಕೊನೆಗೆ ಪೂರ್ತಿ ರಾಶಿಗೆ ಬೆರೆಸಬೇಕು. ಗದ್ದೆಗೆಂದು ತಂದ ಗೊಬ್ಬರದ ಚೀಲದಿಂದ ಮಾತ್ರ ತೆಗೆಯಕೂಡದು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಬೆರಕೆಯಿರಬಹುದು. ಪಶು ಆಹಾರಕ್ಕೆಂದೇ ತಯಾರಾದುದನ್ನು ಕೊಳ್ಳಬೇಕು. ಬೇಗ ಗುಣವಾಗಲೆಂದು ಪ್ರಮಾಣ ಹೆಚ್ಚಿಸುವುದೂ ತರವಲ್ಲ. ಸತುವು ಮಿತಿಮೀರಿದರೆ ತಾಮ್ರದ ಕೊರತೆ ತಲೆದೋರುತ್ತದೆ.

ಮೊದಲು ಮರಿಗಳ ಹಸಿವು ಮರಳುತ್ತದೆ. ಹುರುಪೆ ಉದುರಿ ಚರ್ಮ ಮೊದಲಿನಂತಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಎರಡು ವಾರ ಕಳೆದರೂ ಯಾವ ಬದಲಾವಣೆಯೂ ಕಾಣದಿದ್ದರೆ ಪಶುವೈದ್ಯರಿಗೆ ಮತ್ತೆ ತೋರಿಸಬೇಕು. ಆಗ ಮೇವಿಗೆ ಏನೇನು ಎಷ್ಟೆಷ್ಟು ಬೆರೆಸಲಾಗಿದೆ ಎಂಬ ಚೀಟಿಯೂ ಕೈಯಲ್ಲಿರಲಿ.