ಒಡಕು ದನಿಯ ಒಳಗುಟ್ಟು

ಹಾಡೆಂದರೆ ಶ್ರುತಿ ಶುದ್ಧವಾಗಿರಬೇಕು, ದನಿ ನಯವಾಗಿರಬೇಕು ಎಂಬುದು ಸಾಮಾನ್ಯ ನಂಬಿಕೆ. ಆದರೆ ಅಜ್ಜಿಯ ನಡುಗುವ ದನಿಯಲ್ಲಿ ಸೋಬಾನೆ ಕೇಳಿ ಬೆಳೆದವರಿಗೆ, ಅದೇ ಪದ ವಾದ್ಯಮೇಳದೊಡನೆ ಕ್ಯಾಸೆಟ್ಟಿನಲ್ಲಿ ಬಂದಾಗ ಏನೋ ಕಳೆದುಹೋಯಿತು ಎನಿಸುವುದುಂಟು. ಕಳೆದುಹೋದದ್ದಾದರೂ ಏನು?

ಉತ್ತರ ಹಾಡು ಹುಟ್ಟಿದ ಜಾಗದಲ್ಲಿದೆ. ಬೀಸುವ ಪದಕ್ಕೆ ಕಲ್ಲಿನ ಸುತ್ತೇ ತಾಳ. ಗೂಟ ಹಿಡಿದು ತಿರುಗಿಸುವಾಗ ಉಸಿರು ತುಂಡಾಗುತ್ತದೆ, ದನಿಯೂ ಅಲ್ಲೇ ಮುರಿಯುತ್ತದೆ. ತ್ರಿಪದಿಯ ಎರಡನೆಯ ಸಾಲನ್ನು ಮತ್ತೆ ಹೇಳುವ ರೂಢಿಯಿಂದ ಮುಂದಿನ ಸಾಲು ನೆನೆಯಲು ಬಿಡುವು ಸಿಗುತ್ತದೆ. ಜೊತೆಯವಳು ಅರೆಗಳಿಗೆ ತಡವಾಗಿ ದನಿಗೂಡಿಸಿದರೆ ಯಾರೂ ತಪ್ಪೆನ್ನುವುದಿಲ್ಲ. ಒಡಕು ದನಿ ಇಲ್ಲಿ ದುಡಿಮೆಯ ಗುರುತು.

ಸಕಲೇಶಪುರದ ಎಸ್.ಕೆ. ಕರೀಂಖಾನ್ (1908–2006) ಜನಪದ ಗೀತೆಗಳನ್ನು ಊರೂರು ಅಲೆದು ಕೂಡಿಹಾಕಿದರು. ನಾಡು ಅವರನ್ನು ‘ಜಾನಪದ ಜಂಗಮ’ ಎಂದು ಕರೆಯಿತು. 1962ರ ‘ಸ್ವರ್ಣಗೌರಿ’ ಚಿತ್ರಕ್ಕೆ ಗೀತೆ ಬರೆದ ಅವರಿಗೆ ಸಿನಿಮಾ ಸಂಗೀತದ ನಯವೇನೂ ಅಪರಿಚಿತವಲ್ಲ. ಆದರೂ ಅವರನ್ನು ಹಳ್ಳಿಗಳಿಗೆ ಸೆಳೆದದ್ದು ಜನರ ಬಾಯಲ್ಲಿದ್ದ ಪದ.

ಮುಂದೆ ಸಿನಿಮಾವೇ ಆ ದನಿಯನ್ನು ಹುಡುಕಿ ಬಂತು. ವೃತ್ತಿಯಿಂದ ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣನವರಿಗೆ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಸಂದಿತು. ಹಾಸನ ಜಿಲ್ಲೆಯವರೇ ಆದ, ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್ ಶರೀಫರ ತತ್ವಪದಗಳನ್ನು ಗಂಟಲು ಬಿಚ್ಚಿ ಹಾಡಿ ಮನೆಮನೆಗೆ ಮುಟ್ಟಿಸಿದರು.

ಹೊರನಾಡುಗಳಲ್ಲೂ ಇದೇ ಮಾತು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯ ಕ್ಯಾಸೆಟ್ ಯಂತ್ರದಲ್ಲಿ ಹಾಡುಗಳನ್ನು ಮುದ್ರಿಸಿಕೊಂಡರು. ವಾದ್ಯವೃಂದದೊಡನೆ ಮತ್ತೆ ಹಾಡಿದರೂ ಅದು ಒಗ್ಗಲಿಲ್ಲ. ಕೊನೆಗೆ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಹೊರಬಂದದ್ದು ಮನೆಯ ಮುದ್ರಣವೇ. ಅಲ್ಪಸ್ವಲ್ಪ ಸಲಕರಣೆಯಿಂದ ಮನೆಯಲ್ಲೇ ಹಾಡು ಕಟ್ಟುವ ‘ಇಂಡಿ’ ತಂಡಗಳ ಆಕರ್ಷಣೆಯೂ ಇದೇ: ಕೇಳುವವನಿಗೆ ತಾನೂ ಹಾಡಬಹುದು ಎನಿಸುತ್ತದೆ.

ಹಾಗೆಂದು ಎಲ್ಲ ಅಪಸ್ವರವೂ ಸೊಗಸಲ್ಲ. ಅಭ್ಯಾಸವಿಲ್ಲದ ಅಸಡ್ಡೆ ಬೇರೆ, ಹಾಡಿನ ಸಂದರ್ಭದಿಂದ ಬಂದ ಒರಟುತನ ಬೇರೆ. ಬೀಸುವ ಪದ ಹೇಳುವ ಹೆಂಗಸು ತನ್ನ ಕೆಲಸದಲ್ಲಿ ನುರಿತವಳು.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಪದ ಬಲ್ಲವರೂ ವಿರಳರಾದರು. ಈಗ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅಜ್ಜಿಯ ಪದವನ್ನು ಅದರಲ್ಲಿ ಹಿಡಿದಿಡುವಾಗ ನಡುವಿನ ಕೆಮ್ಮು, ಕೋಳಿಯ ಕೂಗು, ಮರೆತು ಮತ್ತೆ ಹಿಡಿದ ಸಾಲು ಎಲ್ಲವನ್ನೂ ಹಾಗೆಯೇ ಬಿಡುವುದು ಒಳ್ಳೆಯದು. ಪದವನ್ನು ಪುಸ್ತಕದಲ್ಲೂ ಉಳಿಸಬಹುದು. ಅಜ್ಜಿ ಅದನ್ನು ಹೇಳುತ್ತಿದ್ದ ಬಗೆಗೆ ಬೇರೆ ದಾಖಲೆಯಿಲ್ಲ.