‘ಗ್ರಿಂಗೊ’ ಶಬ್ದದ ವ್ಯುತ್ಪತ್ತಿವಿಚಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜನರಿಗೆ ಪರದೇಶದವರು ಇಟ್ಟಿರುವ ಅಡ್ಡಹೆಸರುಗಳಲ್ಲಿ ಮೆಕ್ಸಿಕೋ ದೇಶದ ‘ಗ್ರಿಂಗೊ’ ಎಂಬುದು ಬಹು ಪ್ರಸಿದ್ಧವಾದುದು. ಆಡುವವರ ಧ್ವನಿಯನ್ನನುಸರಿಸಿ ಅದು ಒಮ್ಮೆ ತಿರಸ್ಕಾರವನ್ನೂ ಒಮ್ಮೆ ಬರಿಯ ಸಲಿಗೆಯನ್ನೂ ಸೂಚಿಸುವುದು. ಅದರ ಮೂಲವನ್ನು ಕುರಿತು ಎರಡು ಕಥೆಗಳು ಹಬ್ಬಿವೆ. 1846ರಿಂದ 1848ರವರೆಗೆ ಈ ಎರಡು ದೇಶಗಳಿಗೂ ನಡೆದ ಯುದ್ಧದಲ್ಲಿ ಅಮೆರಿಕದ ಸೈನಿಕರು ‘ಗ್ರೀನ್ ಗ್ರೋ’ ಎಂದು ಮೊದಲಾಗುವ ಹಾಡನ್ನು ಹಾಡುತ್ತಿದ್ದರೆಂದೂ, ಕೇಳಿದವರು ಆ ಪದಗಳನ್ನೇ ಅವರಿಗೆ ಹೆಸರಾಗಿಟ್ಟರೆಂದೂ ಒಂದು ಕಥೆ. ಹಸಿರುಡುಪಿನ ಆ ಸೈನಿಕರನ್ನು ನೋಡಿ ಮೆಕ್ಸಿಕೋದವರು ‘ಗ್ರೀನ್, ಗೋ’ ಎಂದು ಗದರಿದರೆಂಬುದು ಇನ್ನೊಂದು. ಆ ಯುದ್ಧದಲ್ಲಿ ಅಮೆರಿಕದ ಪದಾತಿಗಳ ಉಡುಪು ತಿಳಿನೀಲಿಯದಾದುದರಿಂದ ಎರಡನೆಯ ಕಥೆಯು ಅಲ್ಲಿಗೇ ಮುಗಿಯುವುದು.

ಮೊದಲನೆಯ ಕಥೆಗೆ ಬಾಧಕವು ಇನ್ನೂ ಪ್ರಬಲವಾದುದು. ಎಸ್ತೆಬಾನ್ ದೆ ತೆರೇರೋಸ್ ಎಂಬ ಸ್ಪೇನ್ ದೇಶದ ಪಂಡಿತನು ರಚಿಸಿದ ನಿಘಂಟು ಅವನ ಮರಣಾನಂತರ, 1786ರಿಂದ 1793ರೊಳಗೆ ಪ್ರಕಟವಾಯಿತು. ಅದರಲ್ಲಿ ಈ ಶಬ್ದವಿದೆ. ಸ್ಪ್ಯಾನಿಷ್ ಭಾಷೆಯನ್ನು ಸಹಜವಾಗಿ ಉಚ್ಚರಿಸಲಾರದ ವಿದೇಶೀಯರನ್ನು ಮಾಲಗ ಪಟ್ಟಣದಲ್ಲಿ ಹೀಗೆ ಕರೆಯುತ್ತಿದ್ದರೆಂದೂ, ಮ್ಯಾಡ್ರಿಡ್ಡಿನಲ್ಲಿ ವಿಶೇಷವಾಗಿ ಐರ್ಲೆಂಡಿನವರಿಗೆ ಇದು ಸಲ್ಲುತ್ತಿತ್ತೆಂದೂ ಅವನು ಬರೆದಿರುವನು. ಯುದ್ಧಕ್ಕೆ ಅರ್ಧ ಶತಮಾನದಷ್ಟು ಮೊದಲೇ ಯೂರೋಪಿನಲ್ಲಿ ಅಚ್ಚಾಗಿದ್ದ ಶಬ್ದವು ಯುದ್ಧದ ಹಾಡಿನಿಂದ ಹುಟ್ಟುವುದು ಹೇಗೆ? ಕಾರ್ಯವು ಕಾರಣಕ್ಕಿಂತ ಮೊದಲಿರಲಾರದು.

ಆದುದರಿಂದ ‘ಗ್ರಿಯೇಗೊ’, ಎಂದರೆ ಗ್ರೀಕನು, ಎಂಬುದರಿಂದ ‘ಗ್ರಿಗೊ’ ಎಂಬ ರೂಪದ ಮೂಲಕ ಗ್ರಿಂಗೊ ಬಂದಿತೆಂಬ ಕೊರೋಮಿನೆಸ್ಸನ ಮತವೇ ಯುಕ್ತವಾಗಿ ತೋರುವುದು. ತಿಳಿಯದ ಮಾತನ್ನೆಲ್ಲ ಗ್ರೀಕ್ ಎನ್ನುವುದು ಯೂರೋಪಿನ ಹಳೆಯ ರೂಢಿ. ನಡುವೆ ಅನುನಾಸಿಕವು ಬಂದುದು ಹೇಗೆಂದು ಆಕ್ಷೇಪಿಸುವವರುಂಟು; ಆಕ್ಷೇಪವು ಹಗುರವಾದುದಲ್ಲ. ಆದರೂ ದಾಂಟು, ಸೋಂಕು ಎಂಬ ಶಬ್ದಗಳು ಬಿಂದುವನ್ನು ಕಳೆದುಕೊಂಡು ದಾಟು, ಸೋಕು ಎಂದಾದುದನ್ನು ಬಲ್ಲ ಕನ್ನಡಿಗರಿಗೆ ಬಿಂದುವಿನ ಚಾಂಚಲ್ಯವು ಹೊಸದಲ್ಲ. ಅರ್ಥದ ದೃಷ್ಟಿಯಿಂದಂತೂ ಸಂದೇಹಕ್ಕೆಡೆಯಿಲ್ಲ. ಧಾತುಪಾಠದಲ್ಲಿ ಮ್ಲೇಚ್ಛ ಧಾತುವಿಗೆ ಅವ್ಯಕ್ತವಾದ ಮಾತೆಂದೇ ಅರ್ಥ ಹೇಳಿದೆ. ಅಯೋನಿಯದ ಗ್ರೀಕರಿಗೆ ಸಂದ ಯವನ ಶಬ್ದವು ಮುಂದೆ ಪಶ್ಚಿಮದಿಂದ ಬಂದ ಅನ್ಯರಿಗೂ ಸಂದಿತು. ಗ್ರಿಂಗೊ ಶಬ್ದದ ನಡೆಯೂ ಹೀಗೆಯೇ: ಅರ್ಜೆಂಟೀನದಲ್ಲಿ ಅದು ಇಟಲಿಯಿಂದ ವಲಸೆ ಬಂದವರಿಗೆ ಸಂದಿತು, ಬ್ರೆಜಿಲಿನಲ್ಲಿ ಯಾವ ವಿದೇಶೀಯನಾದರೂ ಗ್ರಿಂಗೊ. ಮೆಕ್ಸಿಕೋಗೆ ಎದುರಾದ ಪರಭಾಷಿಕನು ಉತ್ತರದ ನೆರೆಯವನಾದುದರಿಂದ ಅಲ್ಲಿ ಅವನಿಗೇ ಆ ಹೆಸರು ನಿಂತಿತು.

‘ಯಾಂಕಿ’ ಶಬ್ದಕ್ಕೂ ಇಂತಹ ಕಥೆಗಳ ಕಾಟ ತಪ್ಪಲಿಲ್ಲ. ಚೆರೋಕೀ ಭಾಷೆಯಲ್ಲಿ ಹೇಡಿ ಎಂಬರ್ಥದ ಶಬ್ದದಿಂದ ಅದು ಬಂದಿತೆಂದು ಆನ್‌ಬ್ಯುರಿ ಎಂಬ ಆಂಗ್ಲ ಸೇನಾಧಿಕಾರಿಯು 1789ರಲ್ಲಿ ಬರೆದನು. ಅಂತಹ ಶಬ್ದವೇ ಆ ಭಾಷೆಯಲ್ಲಿಲ್ಲ. ಡಚ್ಚರಲ್ಲಿ ಯಾನ್ ಎಂಬ ಸಾಮಾನ್ಯ ನಾಮಕ್ಕೆ ‘ಯಾಂಕೆ’ ಎಂಬುದು ಮುದ್ದಿನ ರೂಪ. ಇದೇ ಮೂಲವೆಂಬುದು ಬಹುಜನ ವಿದ್ವಾಂಸರ ಮತ. 1758ರಲ್ಲಿ ಸೇನಾನಿ ವುಲ್ಫನು ತನ್ನ ಕೈಕೆಳಗಿನ ನ್ಯೂ ಇಂಗ್ಲೆಂಡಿನ ಸೈನಿಕರನ್ನು ಹೀಗೆಂದು ಹಳಿದನು. ಮುಂದೆ ಆ ಸೀಮೆಯವರೇ ಅದನ್ನು ಅಭಿಮಾನದಿಂದ ಧರಿಸಿದರು.