ಸ್ವಭಾವಕ್ಕೂ ಅಂಕ ಹಾಕಬಹುದೇ?

ರಾಯಚೂರಿಗೆ ಕೆಲಸದ ಸಂದರ್ಶನಕ್ಕೆ ಹೋಗಿಬಂದ ಮಾನ್ವಿಯ ಓದುಗರೊಬ್ಬರು ಕೇಳಿದ್ದಾರೆ: 'ಪ್ರಶ್ನೆಪತ್ರಿಕೆಗೆ ಟಿಕ್ ಹಾಕಿಸಿ ನನ್ನ ಸ್ವಭಾವ ಅಳೆದರು. ಇದು ವಿಜ್ಞಾನವೋ, ಜಾತಕವೋ?'

ಜಾತಕವಂತೂ ಅಲ್ಲ. 1936ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇಂಗ್ಲಿಷ್ ನಿಘಂಟು ಜಾಲಾಡಿ, ಮನುಷ್ಯರ ಗುಣ ಹೇಳುವ 17,953 ಪದಗಳನ್ನು ಹೆಕ್ಕಿದರು. ಮುಂದಿನವರು ಅವನ್ನು ದಶಕಗಟ್ಟಲೆ ಸೋಸಿ ಐದು ಗುಣಗಳಿಗೆ ಇಳಿಸಿದರು: ಶಿಸ್ತು, ಬೆರೆಯುವಿಕೆ, ಹೊಂದಾಣಿಕೆ, ಕುತೂಹಲ, ಆತಂಕ. ಎಲ್ಲ ಬಗೆಯ ಉದ್ಯೋಗಗಳಲ್ಲೂ ಕೆಲಸದ ಗುಣಮಟ್ಟಕ್ಕೆ ತಾಳೆಯಾಗುವುದು ಶಿಸ್ತು ಎಂದು 1991ರಲ್ಲಿ ಸಂಶೋಧಕರಾದ ಬ್ಯಾರಿಕ್ ಮತ್ತು ಮೌಂಟ್ ತೋರಿಸಿದರು. ಆದರೆ ಪೂರ್ತಿ ತಾಳೆಗೆ 1 ಎಂದರೆ, ಆ ನಂಟು 0.2ರ ಆಸುಪಾಸು. ಕೆಲಸಗಾರರ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ ನಾಲ್ಕೈದು ಪಾಲು, ಅಷ್ಟೇ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಸ್ವಭಾವದ ಬಗ್ಗೆ ಇನ್ನೊಂದು ಪ್ರಶ್ನೆ ಎದ್ದಿತು. ಸರ್ಕಾರಿ ಕಾರ್ಖಾನೆಯಲ್ಲಿ ಪಳಗಿದವರು ಮಾರುಕಟ್ಟೆಗೆ ಒಗ್ಗುತ್ತಾರೆಯೇ? ಮುಂದೆ ವಿಶ್ವಬ್ಯಾಂಕ್ ಆ ಒಕ್ಕೂಟದಲ್ಲಿದ್ದ ಅರ್ಮೇನಿಯಾ, ಜಾರ್ಜಿಯಾ, ಉಕ್ರೇನ್‌ಗಳ ಕೌಶಲ ಸಮೀಕ್ಷೆಯಲ್ಲಿ ಸ್ವಭಾವದ ಪ್ರಶ್ನೆಗಳನ್ನೂ ಸೇರಿಸಿತು. ಅದಕ್ಕೂ ಮೊದಲೇ ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್, ಪೋಲೆಂಡಿನ ಸ್ಲೊಮ್‌ಚಿನ್‌ಸ್ಕಿ ಜೊತೆಗೂಡಿ, ಸಮಾಜವಾದಿ ಪೋಲೆಂಡ್‌ನಲ್ಲೂ ಅಮೆರಿಕದಲ್ಲೂ ಒಂದೇ ಸಂಗತಿ ಕಂಡಿದ್ದರು: ಕೆಲಸದಲ್ಲಿ ಸ್ವಂತ ತೀರ್ಮಾನಕ್ಕೆ ಅವಕಾಶವಿದ್ದವರು ಬದುಕಿನಲ್ಲೂ ಸ್ವತಂತ್ರವಾಗಿ ಯೋಚಿಸುತ್ತಾರೆ. ಅಂದರೆ ಸ್ವಭಾವ ಕೆಲಸವನ್ನು ಹುಡುಕಿಕೊಳ್ಳುವಂತೆ, ಕೆಲಸವೂ ಸ್ವಭಾವವನ್ನು ತಿದ್ದುತ್ತದೆ.

ಅದಿರಲಿ, ಅಳತೆಯೇ ಸರಿಯಿದೆಯೇ? 2019ರಲ್ಲಿ ಪ್ರಕಟವಾದ ಅಧ್ಯಯನವೊಂದು 23 ಬಡ ಮತ್ತು ಮಧ್ಯಮ ಆದಾಯದ ದೇಶಗಳ 94,751 ಜನರ ಉತ್ತರಗಳನ್ನು ತಿರುವಿಹಾಕಿತು. ಎದುರು ಕೂತು ಕೇಳಿದಾಗ ಆ ಐದು ಗುಣಗಳು ಸರಿಯಾಗಿ ಬೇರ್ಪಡಲೇ ಇಲ್ಲ. ಮುಖ್ಯ ಕಾರಣಗಳಲ್ಲೊಂದು, ಕೇಳಿದ್ದಕ್ಕೆಲ್ಲ 'ಹೌದು' ಎನ್ನುವ ಮರ್ಯಾದೆ. ದೇವದುರ್ಗದ ಹತ್ತಿ ಹೊಲದಲ್ಲಿ ಊಹಿಸಿಕೊಳ್ಳಿ. 'ಹಿಡಿದ ಕೆಲಸ ಮುಗಿಸ್ತೀರೇನಮ್ಮ?' 'ಹೌದ್ರೀ.' 'ಆಲಸ್ಯ ಐತೇನು?' 'ಅದೂ ಇರ್ತೈತ್ರೀ.' ಶಿಸ್ತಿಗೂ ಸೋಮಾರಿತನಕ್ಕೂ ಒಬ್ಬಳಿಗೇ ಅಂಕ!

ಇನ್ನು 'ಮುಂದಾಲೋಚನೆ ಮಾಡುತ್ತೀರಾ?' ಎಂಬ ಪ್ರಶ್ನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿ ಕಡೆಯ ರೈತ, ನೀರು ಬರುವ ದಿನ ಗೊತ್ತಿಲ್ಲದೆ ಭತ್ತದ ನಾಟಿಗೆ ಏನೆಂದು ಯೋಜನೆ ಹಾಕಬೇಕು? ಅವನು 'ಇಲ್ರೀ' ಎಂದರೆ ಆ ಅಂಕ ಅವನ ಬುದ್ಧಿಯದಲ್ಲ, ಕಾಲುವೆಯದು.

ಆದ್ದರಿಂದ ಓದುಗ ಮಿತ್ರರೇ, ಟಿಕ್ ಹಾಕಿಬಂದಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮನ್ನು ನಿಜಕ್ಕೂ ಅರಿಯಬೇಕೆನ್ನುವ ಮಾಲೀಕರು ಒಂದು ದಿನದ ಕೂಲಿ ಕೊಟ್ಟು ಕೆಲಸ ಮಾಡಿಸಿ ನೋಡಲಿ.